ಸಿಗರೇಟು ಬಿಡುವ ಮುಂಚೆ ಸುತ್ತಮುತ್ತ ಸರಿಮಾಡಿಕೊಳ್ಳಿ

ನಾನು 19 ವರ್ಷ ಸಿಗರೇಟು ಸೇದಿದವನು. ದಿನಕ್ಕೆ 14, ಕೆಲವು ದಿನ ಅದಕ್ಕಿಂತ ಜಾಸ್ತಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಿಷನ್ ಓಡಿಸುತ್ತೇನೆ. ಹೆಚ್ಚಾಗಿ ರಾತ್ರಿ ಪಾಳಿ. ಮೂರು ಸಲ ಬಿಟ್ಟೆ, ಮೂರು ಸಲವೂ ಮತ್ತೆ ಹಿಡಿದೆ. ನಾಲ್ಕನೇ ಸಲ ಬಿಟ್ಟಿದ್ದು ಆರು ವರ್ಷದಿಂದ ನಿಂತಿದೆ. ಆಮೇಲೆ ಜೊತೆಗೆ ಕೆಲಸ ಮಾಡುವ ಐದು ಜನ ಬಿಡಲು ಹೊರಟಾಗ ಪಕ್ಕದಲ್ಲಿ ಕೂತಿದ್ದೇನೆ. ಮೂವರು ಬಿಟ್ಟರು. ಇಬ್ಬರು ಇನ್ನೂ ಪ್ರಯತ್ನದಲ್ಲಿದ್ದಾರೆ.

ನಾನು ಸೋತಾಗಲೆಲ್ಲ ಜನ ಹೇಳಿದ್ದು ಒಂದೇ ಮಾತು: "ಮನಸ್ಸು ಗಟ್ಟಿ ಮಾಡ್ಕೋ." ಆ ಮಾತು ಕೇಳಿದಾಗ ನನಗೆ ನೋವಾಗುತ್ತಿತ್ತು. ರಾತ್ರಿಯೆಲ್ಲ ಮಿಷನ್ ಮುಂದೆ ನಿಂತು, ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು, ನಾಲ್ಕು ಗಂಟೆ ಮಲಗಿ ಏಳುವವನಿಗೆ ಮನಸ್ಸು ಗಟ್ಟಿ ಇಲ್ಲ ಅಂದರೆ ಹೇಗೆ?

ಇಂಗ್ಲೆಂಡಿನಲ್ಲಿ ಸಾವಿರಾರು ಜನರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅನುಕೂಲಸ್ಥರೂ ಬಡವರೂ ಸಿಗರೇಟು ಬಿಡಲು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಪ್ರಯತ್ನ ಮಾಡುತ್ತಾರೆ ಎಂದು ಅದರಲ್ಲಿ ಕಂಡುಬಂತು. ಆದರೆ ಬಿಟ್ಟು ಉಳಿಯುವವರ ಪ್ರಮಾಣ ಕೆಳಗಿನ ವರ್ಗದಲ್ಲಿ ಮೇಲಿನವರ ಸುಮಾರು ಅರ್ಧದಷ್ಟು. ಇದನ್ನು ಓದಿದ ದಿನ ನನ್ನ ಎದೆ ಮೇಲಿನ ಒಂದು ಭಾರ ಇಳಿಯಿತು. ಪ್ರಯತ್ನ ಎಲ್ಲರದ್ದೂ ಒಂದೇ. ಆದರೆ ಪ್ರಯತ್ನ ಮಾಡುವವನು ವಾಪಸ್ ಹೋಗಿ ನಿಲ್ಲುವ ಜಾಗ ಒಂದೇ ಅಲ್ಲ. ಸಂಬಳ ಸರಿಯಾಗಿ ಬರುತ್ತದೋ ಇಲ್ಲವೋ, ಪಾಳಿ ಎಂಥದ್ದು, ಪಕ್ಕದಲ್ಲಿ ನಿಂತವನು ಸೇದುತ್ತಾನೋ, ಮನೆಯಲ್ಲಿ ಎಷ್ಟು ಸಾಲ ಇದೆ, ಇವೆಲ್ಲ ಸೇರಿ ತೀರ್ಮಾನ ಮಾಡುತ್ತವೆ.

ಅದಕ್ಕೇ ನಾನು ಹೇಳೋದು, ಬಿಡುವ ದಿನಕ್ಕೆ ಮುಂಚೆ ಎರಡು ಮೂರು ವಾರ ಸುತ್ತಮುತ್ತ ಸರಿಮಾಡಿಕೊಳ್ಳಿ ಅಂತ. ಹೇಗೆ ಅಂತ ನಾನು ಮಾಡಿದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ವಾರ ಬರೆದಿಡಿ

ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿಡಿ. ಈ ವಾರ ಏನೂ ಕಡಿಮೆ ಮಾಡಬೇಡಿ. ಎಂದಿನಂತೆ ಸೇದಿ. ಹಚ್ಚುವ ಮುಂಚೆ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಜೊತೆಗೆ ಯಾರು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಸಿಗರೇಟು ಯಾರದ್ದು. ಕೊನೆಯದನ್ನು ಬಿಡಬೇಡಿ, ಅದು ಮುಖ್ಯ.

ನನ್ನ ವಾರದಲ್ಲಿ 98 ಸಿಗರೇಟು ಬಂತು. ಅದರಲ್ಲಿ 51 ಪ್ರೆಸ್ಸಿನ ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲೆ, ಯಾರದಾದರೂ ಜೊತೆಯಲ್ಲಿ. 17 ದುಡ್ಡಿನ ವಿಷಯಕ್ಕೆ: ಸಾಲ ಕೊಟ್ಟವರ ಫೋನ್ ಬಂದ ಮೇಲೆ, ಬಾಡಿಗೆ ಲೆಕ್ಕ ಹಾಕಿದ ಮೇಲೆ. 14 ನಿದ್ದೆಯಿಂದ ಎದ್ದ ಕೂಡಲೇ, ದಿನಕ್ಕೆ ಎರಡರಂತೆ. ಯಾವ ಕಾರಣವೂ ಇಲ್ಲದೆ ಸುಮ್ನೆ ಸೇದಿದ್ದು ಬರೀ 16.

ಆ ಪುಟ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ಇಷ್ಟು ದಿನ ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಜೊತೆ ಮಾತ್ರ ಗುದ್ದಾಡುತ್ತಿದ್ದೇನೆ ಅಂದುಕೊಂಡಿದ್ದೆ. ಎದ್ದ ಕೂಡಲೇ ಸೇದುವ ಆ 14 ನಿಕೋಟಿನ್‌ದು, ನಿಜ. ಮಲಗಿದ್ದಾಗ ರಕ್ತದಲ್ಲಿ ಅದು ಇಳಿದಿರುತ್ತದೆ, ಎರಡು ಗಂಟೆಗೊಮ್ಮೆ ಸುಮಾರು ಅರ್ಧಕ್ಕೆ ಬರುತ್ತದೆ. ಆದರೆ 51 ಮತ್ತು 17? ಅವು ನನ್ನ ಕೆಲಸದ್ದು, ನನ್ನ ಜನರದ್ದು, ನನ್ನ ಜೇಬಿನದ್ದು.

ನಿಮ್ಮ ಲೆಕ್ಕ ಬೇರೆ ಇರುತ್ತದೆ. ಯಾವ ಗುಂಪು ದೊಡ್ಡದೋ ಅಲ್ಲಿಂದ ಶುರು ಮಾಡಿ.

ಸಿಗರೇಟಿಲ್ಲದೆಯೂ ಬಿಡುವು ಕೇಳಿ ತೆಗೆದುಕೊಳ್ಳಿ

ಆ ಮೆಟ್ಟಿಲ ಬಗ್ಗೆ ಹೇಳಬೇಕು. ಪ್ರೆಸ್ಸಿನ ಒಳಗೆ ಕಾಗದ, ಇಂಕು, ರೋಲರ್ ತೊಳೆಯುವ ದ್ರಾವಣ. ಬೆಂಕಿ ಒಳಗೆ ತರುವಂತಿಲ್ಲ. ಸೇದಬೇಕಾದರೆ ಹಿಂದಿನ ಬಾಗಿಲು ತೆಗೆದು ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದ ಕೂಡಲೇ ಮಿಷನ್ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ತಣ್ಣನೆ ಗಾಳಿ. ಮೂರನೇ ಮೆಟ್ಟಿಲ ಮೇಲೆ ಕೂತರೆ ಬೆನ್ನಿಗೆ ಗೋಡೆ ಸಿಗುತ್ತದೆ. ಹಳೇ ಇಂಕಿನ ಡಬ್ಬಿಯೊಂದು ಬೂದಿಗೆ. ನನ್ನ ಹೆಬ್ಬೆರಳಿನಲ್ಲಿ ಯಾವಾಗಲೂ ನೀಲಿ ಇಂಕು ಇರುತ್ತಿತ್ತು. ಡಬ್ಬಿಯಲ್ಲಿ ಯಾವ ತುಂಡು ನನ್ನದು ಅಂತ ಫಿಲ್ಟರಿನ ಮೇಲಿನ ನೀಲಿ ಗುರುತು ನೋಡಿ ಹೇಳಬಹುದಿತ್ತು.

ಮೊದಲನೇ ಸಲ ಬಿಟ್ಟಾಗ 11 ದಿನ ಇದ್ದೆ. ಆ 11 ದಿನ ಒಂದು ಸಲವೂ ಹೊರಗೆ ಹೋಗಲಿಲ್ಲ. ಯಾಕೆಂದರೆ ಸೇದುವವನು ಎದ್ದರೆ "ದಮ್ ಹೊಡೆದು ಬರ್ತಾನೆ" ಅಂತ ಎಲ್ಲರೂ ಒಪ್ಪುತ್ತಾರೆ. ಸೇದದವನು ಸುಮ್ನೆ ಎದ್ದು ಹೋದರೆ ಕೆಲಸಗಳ್ಳ ಅನ್ನುತ್ತಾರೆ. ಹೀಗೆ ಸಿಗರೇಟಿನ ಜೊತೆಗೆ ನನ್ನ ಬಿಡುವೂ ಹೋಯಿತು. ಎಂಟು ಗಂಟೆ ಒಂದೇ ಸಮ ನಿಂತು ಕಾಲು ಊದಿಕೊಂಡಿತು, ತಲೆ ಸಿಡಿಯಿತು. ಹನ್ನೆರಡನೇ ದಿನ ರಾತ್ರಿ ಎರಡೂಮುಕ್ಕಾಲಿಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಕೂತಿದ್ದಕ್ಕೆ ಒಂದು ಕಾರಣ ಬೇಕಿತ್ತು. ಕೇಳಿ ಹಚ್ಚಿದೆ.

ಕೂಲಿ ಕೆಲಸ, ಪಾಳಿ ಕೆಲಸ, ಕಾವಲು ಕೆಲಸ, ಅಡುಗೆಮನೆ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ. ನಮ್ಮ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ. ಐದು ನಿಮಿಷ ಯಾರೂ ಮಾತಾಡಿಸದೆ ಇರಲು ಸಿಗುವ ಒಂದೇ ಪರವಾನಗಿ ಸಿಗರೇಟು. ಆ ಐದು ನಿಮಿಷವನ್ನು ಬೇರೆ ದಾರಿಯಲ್ಲಿ ಗಳಿಸಿಕೊಳ್ಳದೆ ಬಿಡಲು ಹೋದರೆ ಮೈಯೇ ತಿರುಗಿ ಬೀಳುತ್ತದೆ.

ನಾಲ್ಕನೇ ಸಲ ನಾನು ಮೊದಲು ಹೋಗಿದ್ದು ಸೂಪರ್‌ವೈಸರ್ ಹತ್ತಿರ. ಎರಡು ವಾರ ಮುಂಚೆಯೇ ಹೋದೆ. "ಸಾರ್, ಇಷ್ಟನೇ ತಾರೀಕಿನಿಂದ ಸಿಗರೇಟು ಬಿಡ್ತಾ ಇದ್ದೀನಿ. ಈಗ ಪಾಳಿಗೆ ಏಳು ಸಲ ಹೊರಗೆ ಹೋಗ್ತೀನಿ. ಇನ್ಮೇಲೆ ಮೂರು ಸಲ ಸಾಕು, ಐದೈದು ನಿಮಿಷ. ಆದ್ರೆ ಆ ಮೂರು ಸಲ ಸಿಗರೇಟಿಲ್ದೆ ಹೋಗ್ತೀನಿ, ಯಾರೂ ಕೇಳ್ಬಾರ್ದು" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಏಳರ ಬದಲು ಮೂರು ಅಂದ್ರೆ ನನಗೇ ಲಾಭ ಅಲ್ವೇನಪ್ಪಾ, ಹೋಗು" ಅಂದರು.

ಹೀಗೆ ಕೇಳಿ. ಎಷ್ಟು ಸಲ, ಎಷ್ಟು ಹೊತ್ತು, ಯಾವ ತಾರೀಕಿನಿಂದ ಅಂತ ಅಂಕಿ ಹಿಡಿದು ಹೋಗಿ. ಕೆಲಸ ಕೊಟ್ಟವರಿಗೆ ಉಳಿಯುವ ಹೊತ್ತನ್ನೂ ಹೇಳಿ. ಬಿಡುವಿನಲ್ಲಿ ಆ ಜಾಗಕ್ಕೆ ಹೋಗಬೇಡಿ, ಬೇರೆ ಬಾಗಿಲಿನಿಂದ ಹೋಗಿ. ನಾನು ಮುಂದಿನ ಗೇಟಿನವರೆಗೆ ನಡೆದು ವಾಪಸ್ ಬರುತ್ತಿದ್ದೆ. ಹೆಜ್ಜೆ ಎಣಿಸಿದ್ದೆ, 220. ತಲಬು ಬಂದರೆ ಸಾಮಾನ್ಯವಾಗಿ ಕೆಲವು ನಿಮಿಷಕ್ಕೆ ಇಳಿಯುತ್ತದೆ. ಹೋಗಿ ಬರುವಷ್ಟರಲ್ಲಿ ಇಳಿದಿರುತ್ತಿತ್ತು.

ಬಿಡುವು ಕೇಳಲು ಮೇಲೆ ಯಾರೂ ಇಲ್ಲದವರೂ ಇದ್ದಾರೆ. ಮನೆಯಲ್ಲೇ ಇಡೀ ದಿನ ಕೆಲಸ ಮಾಡುವವರು, ಕಾಯಿಲೆಯವರನ್ನು ನೋಡಿಕೊಳ್ಳುವವರು. ಅವರು ಮನೆಯವರ ಹತ್ತಿರ ಕೇಳಬೇಕು. "ಈ ಹತ್ತು ನಿಮಿಷ ನೀವು ನೋಡ್ಕೊಳ್ಳಿ" ಅಂತ. ಕೇಳಲು ಕಷ್ಟ ಆಗುತ್ತದೆ. ಆದರೂ ಕೇಳಬೇಕು.

ಕೊಟ್ಟು ತಗೊಳ್ಳುವ ಬಾಕಿ ತೀರಿಸಿ

"ಸಿಗರೇಟು ಯಾರದ್ದು" ಅಂತ ಬರೆಯಲು ಹೇಳಿದೆನಲ್ಲ. ನನ್ನ 98ರಲ್ಲಿ 22 ಬೇರೆಯವರದ್ದು. ನಾನೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟಿದ್ದೆ. ಸೇದುವವರ ನಡುವೆ ಇದೊಂದು ಬಾಯಿ ಲೆಕ್ಕ. ಇವತ್ತು ನೀನು, ನಾಳೆ ನಾನು. ಹೊಸಬ ಬಂದರೆ ಒಂದು ಸಿಗರೇಟು ಚಾಚಿದರೆ ಪರಿಚಯ. ಜಗಳ ಆದವನಿಗೆ ಚಾಚಿದರೆ ರಾಜಿ. ಬೇಡ ಅಂದರೆ ಕೈ ತಳ್ಳಿದ ಹಾಗೆ. ಬಿಡಲು ಹೊರಟವನಿಗೆ ಸ್ನೇಹಿತರು ಸಿಗರೇಟು ಕೊಡುವುದು ಹೊಟ್ಟೆಕಿಚ್ಚಿಗಲ್ಲ, ಬಹುಪಾಲು ಪ್ರೀತಿಗೇ. ಅದಕ್ಕೇ ಅದನ್ನು ತಡೆಯುವುದು ಅಷ್ಟು ಕಷ್ಟ.

ಹಾಗಾಗಿ ಬಿಡುವ ಹಿಂದಿನ ದಿನ ನಾನು ಎಲ್ಲರ ಬಾಕಿ ತೀರಿಸಿದೆ. ಯಾರ್ಯಾರ ಹತ್ತಿರ ತೆಗೆದುಕೊಂಡಿದ್ದೆನೋ ಅವರಿಗೆ ವಾಪಸ್ ಕೊಟ್ಟೆ. "ನನ್ನ ಲೆಕ್ಕ ಚುಕ್ತಾ. ಇನ್ನು ನೀವು ಕೊಡೋದೂ ಬೇಡ, ನಾನು ಕೊಡೋದೂ ಇಲ್ಲ" ಅಂತ ಹೇಳಿದೆ. ಜೊತೆಗೆ ನಿಂತು ಮಾತಾಡುವುದನ್ನು ಬಿಡಲಿಲ್ಲ. ಮೊದಲ ಒಂದು ತಿಂಗಳು ಮಾತ್ರ ಅವರು ಸೇದುವ ಹೊತ್ತಿನಲ್ಲಿ ದೂರ ಇದ್ದೆ. ಊಟದ ಹೊತ್ತಿನಲ್ಲಿ ಜೊತೆಗೇ ಕೂರುತ್ತಿದ್ದೆ. ಹಾಗೆ ಕೂರದಿದ್ದರೆ ಒಂಟಿ ಆಗಿಬಿಡುತ್ತಿದ್ದೆ. ಒಂಟಿತನಕ್ಕೆ ಹೆದರಿ ಎಷ್ಟೋ ಜನ ಮತ್ತೆ ಶುರು ಮಾಡುತ್ತಾರೆ.

ಸ್ನೇಹಿತರಿಗೆ "ಸಪೋರ್ಟ್ ಮಾಡಿ" ಅಂತ ಸುಮ್ನೆ ಹೇಳಿದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ನಾನು ಮೂರು ಕೆಲಸ ಹೇಳಿದ್ದೆ. ನಾನು ಕೇಳಿದರೂ ಕೊಡಬೇಡಿ. ಪ್ಯಾಕೆಟ್ ನನ್ನ ಕಣ್ಣೆದುರು ಇಡಬೇಡಿ. ನಾನು ಸಿಡುಕಿದರೆ ಮೂರು ವಾರ ತಡೆದುಕೊಳ್ಳಿ. ನಿಕೋಟಿನ್ ನಿಂತಾಗ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಮೊದಲ ವಾರದಲ್ಲಿ ಜೋರಾಗಿರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಇದು ಗೊತ್ತಿದ್ದರೆ ಅವರು ನಿಮ್ಮ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಇನ್ನೊಬ್ಬರು ಜೊತೆಗೆ ಬಿಡುವುದಾದರೆ ಇನ್ನೂ ಒಳ್ಳೆಯದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನದಲ್ಲಿ 12,067 ಜನರ ನಂಟು ಮತ್ತು ಸ್ನೇಹದ ಬಲೆಯನ್ನು 1971ರಿಂದ 2003ರವರೆಗೆ ನೋಡಿದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ 67%ರಷ್ಟು ಇಳಿದಿತ್ತು. ಸ್ನೇಹಿತ ಬಿಟ್ಟರೆ 36%. ಚಿಕ್ಕ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುವವನು ಬಿಟ್ಟರೆ 34%. ಒಡಹುಟ್ಟಿದವರು ಬಿಟ್ಟರೆ 25%. ಜನ ಒಬ್ಬೊಬ್ಬರಾಗಿ ಬಿಡುವುದಕ್ಕಿಂತ ಗುಂಪು ಗುಂಪಾಗಿ ಬಿಟ್ಟಿದ್ದರು. ನಾನು ಬಿಟ್ಟ ಐದು ತಿಂಗಳಿಗೆ ಪ್ರೆಸ್ಸಿನಲ್ಲಿ ಅಚ್ಚಿನ ಪ್ಲೇಟ್ ಮಾಡುವ ಹುಡುಗ ಬಂದು "ಅಣ್ಣ, ನಂಗೂ ಹೇಳ್ಕೊಡಿ" ಅಂದ. ಅವನ ಮೇಲೆ ನಾನು ಒತ್ತಾಯ ಹಾಕಿರಲಿಲ್ಲ.

ಮನೆಯಲ್ಲಿ ಇಬ್ಬರೂ ಸೇದುತ್ತಿದ್ದರೆ ಒಂದೇ ತಾರೀಕು ಇಟ್ಟುಕೊಳ್ಳಿ. ಒಬ್ಬರು ಒಪ್ಪದಿದ್ದರೆ ಜಗಳ ಬೇಡ. ಮನೆಯೊಳಗೆ ಸೇದಬಾರದು, ಪ್ಯಾಕೆಟ್ ಮನೆಯಲ್ಲಿ ಇಡಬಾರದು, ಇಷ್ಟಕ್ಕೆ ಒಪ್ಪಿಸಿ.

ಕದ್ದು ಸೇದುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ಮನೆಯವರಿಗೆ ಗೊತ್ತಾದರೆ ಗತಿಯೇನು ಅಂತ ಹೆದರಿ ಬದುಕುವ ಹೆಂಗಸರು, ಹುಡುಗರು ಇದ್ದಾರೆ. ಸೇದುವುದನ್ನೇ ಯಾರಿಗೂ ಹೇಳದವರು ಬಿಡುತ್ತೇನೆ ಅಂತ ಯಾರಿಗೆ ಹೇಳಬೇಕು? ಅವರಿಗೆ ಸ್ನೇಹಿತರ ಒತ್ತಾಸೆ ಸಿಗುವುದಿಲ್ಲ, ಬೈಗುಳ ಮಾತ್ರ ಸಿಗುತ್ತದೆ. ನೀವು ಹಾಗಿದ್ದರೆ ಒಬ್ಬರನ್ನು ಮಾತ್ರ ಆರಿಸಿಕೊಳ್ಳಿ. ಡಾಕ್ಟರ್ ಆಗಬಹುದು, ನರ್ಸ್ ಆಗಬಹುದು. ಹಲವು ದೇಶಗಳಲ್ಲಿ ತಂಬಾಕು ಬಿಡುವವರಿಗೆ ಅಂತಲೇ ಹಣ ಕೊಡದೆ ಕರೆ ಮಾಡುವ ಫೋನ್ ಸಹಾಯವಾಣಿ ಇದೆ. ಅಲ್ಲಿ ಮುಖ ತೋರಿಸಬೇಕಿಲ್ಲ, ಮಾತು ಹೊರಗೆ ಹೋಗುವ ಭಯವೂ ಕಡಿಮೆ.

ದುಡ್ಡಿನ ಲೆಕ್ಕವನ್ನು ದುಡಿದ ದಿನಗಳಲ್ಲಿ ಹಾಕಿ

"ಸಿಗರೇಟಿಗೆ ಎಷ್ಟು ದುಡ್ಡು ಹಾಳು ಮಾಡ್ತೀಯ ನೋಡು" ಅಂತ ಎಲ್ಲರೂ ಹೇಳುತ್ತಾರೆ. ಮೊತ್ತ ಕೇಳಿದಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಒಂದು ರಾತ್ರಿ ನನ್ನ ಹೆಂಡತಿ ಬೇರೆ ರೀತಿ ಲೆಕ್ಕ ಹಾಕಿದಳು. ತಿಂಗಳ ಸಿಗರೇಟಿನ ಖರ್ಚನ್ನು ನನ್ನ ಒಂದು ದಿನದ ಕೂಲಿಯಿಂದ ಭಾಗಿಸಿದಳು. ಮೂರೂವರೆ ದಿನ. "ರೀ, ವರ್ಷಕ್ಕೆ 42 ದಿನ ಆಯ್ತು" ಅಂದಳು. 42 ರಾತ್ರಿ ನಾನು ನಿದ್ದೆಗೆಟ್ಟು ಮಿಷನ್ ಮುಂದೆ ನಿಂತಿದ್ದು ಬರೀ ಸಿಗರೇಟಿಗಾಗಿ. ಆ 42 ರಾತ್ರಿಯಲ್ಲಿ ಮಗಳ ಪಕ್ಕದಲ್ಲಿ ಮಲಗಬಹುದಿತ್ತು. ಆ ಲೆಕ್ಕ ನನ್ನೊಳಗೆ ಇಳಿಯಿತು. ನೀವೂ ಹಾಗೆ ಭಾಗಿಸಿ ನೋಡಿ.

ಆದರೆ ಲೆಕ್ಕ ಗೊತ್ತಾದ ಮಾತ್ರಕ್ಕೆ ಬಿಡಲು ಆಗುವುದಿಲ್ಲ. ದುಡ್ಡಿನ ಕಷ್ಟ ಜಾಸ್ತಿ ಆದಾಗಲೇ ಸಿಗರೇಟು ಜಾಸ್ತಿ ಬೇಕು ಅನ್ನಿಸುವುದು. ಎರಡನೇ ಸಲ ನಾನು ಬಿದ್ದಿದ್ದು ಹಾಗೆ. ಸಂಬಳಕ್ಕೆ ನಾಲ್ಕು ದಿನ ಇರುವಾಗ, ಕೈಯಲ್ಲಿ ಕಾಸಿಲ್ಲ, ಹೇಗೂ ಕೊಳ್ಳಲು ಆಗಲ್ಲ, ಬಿಟ್ಟೇಬಿಡೋಣ ಅಂತ ಬಿಟ್ಟೆ. ಆ ತಿಂಗಳು ಸಂಬಳ ಮೂರು ವಾರ ತಡವಾಯಿತು. ಕೈಸಾಲ ಕೊಟ್ಟವನು ಮನೆ ಬಾಗಿಲಿಗೆ ಬಂದ. ಅವನು ಹೋದ ಮೇಲೆ ಕೈ ನಡುಗುತ್ತಿತ್ತು. ಪಕ್ಕದ ಮನೆಯವರ ಹತ್ತಿರ ಒಂದು ಸಿಗರೇಟು ಕೇಳಿ ಸೇದಿದೆ. ಕಾಸಿಲ್ಲದವನಿಗೂ ಸಿಗರೇಟು ಸಿಗುತ್ತದೆ, ನೆಮ್ಮದಿ ಸಿಗುವುದಿಲ್ಲ.

ಇದರಿಂದ ಕಲಿತಿದ್ದು: ತಾರೀಕನ್ನು ಸಂಬಳ ಆದ ಎರಡು ಮೂರು ದಿನಕ್ಕೆ ಇಡಿ. ಬಾಡಿಗೆ, ಸಾಲದ ಕಂತು ಆ ತಿಂಗಳದ್ದು ಕಟ್ಟಿಯಾಗಿರಲಿ. ದಿನಗೂಲಿಯವರಾದರೆ ಕೆಲಸ ಖಾತ್ರಿ ಇರುವ ವಾರ ನೋಡಿಕೊಳ್ಳಿ. ಸಾಲ ಕೊಟ್ಟವರಿದ್ದರೆ ಮುಂಚೆಯೇ ನೀವೇ ಹೋಗಿ ಮಾತಾಡಿ, ಮುಂದಿನ ಒಂದು ತಿಂಗಳಿಗೆ ತಾರೀಕು ತೆಗೆದುಕೊಳ್ಳಿ. ಸಾಲ ತೀರಲಿ, ಆಮೇಲೆ ಬಿಡುತ್ತೇನೆ ಅಂತ ಕಾಯಬೇಡಿ. ಸಾಲ ಪೂರ್ತಿ ತೀರುವ ದಿನ ನಮ್ಮಂಥವರಿಗೆ ಬೇಗ ಬರುವುದಿಲ್ಲ. ಒಂದು ತಿಂಗಳ ನಿರಾಳ ಸಿಕ್ಕರೆ ಸಾಕು.

ಇನ್ನೊಂದು ವಿಷಯ ನನಗೆ ತಡವಾಗಿ ಅರ್ಥವಾಯಿತು. ಸಿಗರೇಟಿಗೆ ಚಿಲ್ಲರೆ ಸಾಕು, ಒಂದೊಂದಾಗಿಯೂ ಸಿಗುತ್ತದೆ. ಬಿಡಲು ಬೇಕಾದ, ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ತಲಬು ಇಳಿಸುವ ಗಮ್ (ಅಗಿಯುವುದು), ಪ್ಯಾಚ್‌ಗೆ (ಮೈಗೆ ಅಂಟಿಸುವುದು) ಒಟ್ಟಿಗೆ ದುಡ್ಡು ಕೊಡಬೇಕು. ಹಾಗಾಗಿ ಬಿಡುವುದೇ ದುಬಾರಿ ಅನ್ನಿಸುತ್ತದೆ. ನಾನೂ ಎರಡು ಸಲ ಬೆಲೆ ನೋಡಿ ವಾಪಸ್ ಇಟ್ಟಿದ್ದೆ. ಮೂರು ತಿಂಗಳ ಔಷಧಿ ಖರ್ಚನ್ನು ಮೂರು ತಿಂಗಳ ಸಿಗರೇಟಿನ ಖರ್ಚಿನ ಪಕ್ಕದಲ್ಲಿ ಬರೆದು ನೋಡಿ. ಔಷಧಿ ಮೂರು ತಿಂಗಳಿಗೆ ಮುಗಿಯುತ್ತದೆ, ಸಿಗರೇಟು ಮುಗಿಯುವುದಿಲ್ಲ. ಸಂಬಳದ ದಿನವೇ ಎರಡು ವಾರಕ್ಕೆ ಆಗುವಷ್ಟು ಕೊಂಡಿಡಿ. ಅದಕ್ಕೂ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಅಥವಾ ಕಡಿಮೆಗೆ ಸಿಗುತ್ತದಾ ಕೇಳಿ. ಇವು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇವೆ, ಕೇಳಲು ಸಂಕೋಚ ಬೇಡ.

ಉಳಿದ ದುಡ್ಡು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಅದು ಮನೆ ಖರ್ಚಿನಲ್ಲಿ ಕರಗಿ ಹೋಗುತ್ತದೆ, ಬಿಟ್ಟು ಏನು ಬಂತು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ದಿನಾ 14 ಸಿಗರೇಟಿನ ದುಡ್ಡು ಒಂದು ಡಬ್ಬಿಗೆ ಹೋಗುತ್ತಿತ್ತು. ಡಬ್ಬಿ ಹೆಂಡತಿಯ ಹತ್ತಿರ, ಹಾಕುವವಳು ಮಗಳು. ನಾನು ಮನೆಗೆ ಬಂದ ಕೂಡಲೇ ಕೈ ಚಾಚಿ ನಿಲ್ಲುತ್ತಿದ್ದಳು. ಮೊದಲ ತಿಂಗಳ ದುಡ್ಡಿನಲ್ಲಿ ಅವಳಿಗೆ ಓದಲು ಮೇಜಿನ ದೀಪ ಬಂತು. ಅದು ಇವತ್ತೂ ಉರಿಯುತ್ತಿದೆ.

ಇನ್ನೂ ಗಟ್ಟಿ ಹಗ್ಗ ಬೇಕು ಅನ್ನುವವರಿಗೆ ಪಣ ಇಡುವ ದಾರಿ ಇದೆ. ಫಿಲಿಪ್ಪೀನ್ಸ್‌ನಲ್ಲಿ ಒಂದು ಬ್ಯಾಂಕಿನ ಜೊತೆ ಸೇರಿ ಇದನ್ನು ಪರೀಕ್ಷಿಸಿದರು, ವರದಿ 2010ರಲ್ಲಿ ಬಂತು. ಸೇದುವವರು ಆರು ತಿಂಗಳು ತಮ್ಮದೇ ಹಣ ಬ್ಯಾಂಕಿನಲ್ಲಿ ಇಡಬೇಕು. ಕೊನೆಗೆ ಮೂತ್ರ ಪರೀಕ್ಷೆಯಲ್ಲಿ ನಿಕೋಟಿನ್ ಕಾಣದಿದ್ದರೆ ಹಣ ವಾಪಸ್, ಕಂಡರೆ ದಾನಕ್ಕೆ. ಈ ಅವಕಾಶ ಕೊಟ್ಟ ಗುಂಪಿನಲ್ಲಿ ಬಿಟ್ಟವರು ಹೆಚ್ಚಿದ್ದರು, ವರ್ಷದ ಮೇಲೆ ಹೇಳದೆ ಹೋಗಿ ಪರೀಕ್ಷಿಸಿದಾಗಲೂ ಹೆಚ್ಚಿದ್ದರು. ಆದರೆ ಅವಕಾಶ ಕೊಟ್ಟವರಲ್ಲಿ ಒಪ್ಪಿದ್ದು ಸುಮಾರು 11% ಜನ ಮಾತ್ರ. ಸ್ವಂತ ದುಡ್ಡು ಪಣಕ್ಕಿಡಲು ಎಲ್ಲರಿಗೂ ಧೈರ್ಯ ಬರುವುದಿಲ್ಲ, ಅದು ಸಹಜ. ಬಹುಮಾನ ಆದರೆ ಜನ ಒಪ್ಪುತ್ತಾರೆ. ಅಮೆರಿಕದ ಒಂದು ದೊಡ್ಡ ಕಂಪನಿಯ 878 ನೌಕರರಲ್ಲಿ ಅರ್ಧ ಜನರಿಗೆ, ಬಿಟ್ಟು ಉಳಿದರೆ ಒಟ್ಟು 750 ಡಾಲರ್‌ವರೆಗೆ ಕೊಡುವುದಾಗಿ ಹೇಳಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಬಹುಮಾನದ ಗುಂಪಿನಲ್ಲಿ 14.7% ಬಿಟ್ಟಿದ್ದರು, ಇನ್ನೊಂದರಲ್ಲಿ 5%. ಯಾರಾದರೂ ಕೆಲಸ ಕೊಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಬೆಲೆ ಏರಿದ ದಿನವನ್ನೂ ಬಳಸಿಕೊಳ್ಳಿ. ಬೆಲೆ 10% ಏರಿದರೆ ಸೇದುವುದು ಶ್ರೀಮಂತ ದೇಶಗಳಲ್ಲಿ ಸುಮಾರು 4%, ಉಳಿದ ದೇಶಗಳಲ್ಲಿ ಸುಮಾರು 5% ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಾರ ನಿಮ್ಮ ಸುತ್ತ ಇನ್ನೂ ನಾಲ್ಕು ಜನ ಬಿಡುವ ಮಾತಾಡುತ್ತಿರುತ್ತಾರೆ, ಅವರ ಜೊತೆ ಸೇರಿ. ಅಗ್ಗದ ಬ್ರಾಂಡಿಗೆ ಇಳಿದು ಸಮಾಧಾನ ಮಾಡಿಕೊಳ್ಳಬೇಡಿ. "ಲೈಟ್" ಅಂತ ಮಾರುವ ಸಿಗರೇಟೂ ಬೇಡ. ನಿಕೋಟಿನ್ ಕಡಿಮೆ ಸಿಕ್ಕರೆ ಮೈ ತಾನಾಗಿ ಆಳವಾಗಿ ಎಳೆಯುತ್ತದೆ.

ಔಷಧಿ ಬಗ್ಗೆ ಸ್ವಲ್ಪ

ಏನೂ ಸಹಾಯವಿಲ್ಲದೆ ಬಿಡಲು ಹೋದವರಲ್ಲಿ ಒಂದು ಪ್ರಯತ್ನಕ್ಕೆ ಉಳಿಯುವವರು 100ಕ್ಕೆ ಮೂರರಿಂದ ಐದು ಜನ. ಔಷಧಿ ಮತ್ತು ಸಲಹೆ ಎರಡೂ ಸಿಕ್ಕರೆ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗಾಗಿ ತಂಬಾಕು ಬಿಡಿಸುವ ಮೊದಲ ಚಿಕಿತ್ಸಾ ಮಾರ್ಗಸೂಚಿ ತಂದಿತು. ಅದರಲ್ಲಿ ನಿಕೋಟಿನ್ ಗಮ್, ಪ್ಯಾಚ್‌ನಂಥವು, ವರೆನಿಕ್ಲಿನ್, ಬುಪ್ರೊಪಿಯಾನ್, ಸಿಟಿಸಿನ್ ಎಂಬ ಔಷಧಿಗಳು ಇವೆ. ಯಾವುದು ನಿಮಗೆ ಅಂತ ಡಾಕ್ಟರ್ ಹೇಳಬೇಕು.

ನಾನು ತೆಗೆದುಕೊಂಡಿದ್ದು ಗಮ್. ಎದ್ದು 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಆಮೇಲೆ ಸೇದುವವರಿಗೆ 2 ಮಿಲಿಗ್ರಾಂ. ಮೂರನೇ ಸಲ ನಾನು ಅದನ್ನು ಚೂಯಿಂಗ್ ಗಮ್ ಥರ ಒಂದೇ ಸಮ ಅಗಿದು ಬಿಕ್ಕಳಿಕೆ ಬಂದು ಬಿಸಾಡಿದೆ, ಇದು ಕೆಲಸ ಮಾಡಲ್ಲ ಅಂದುಕೊಂಡೆ. ಸರಿಯಾದ ರೀತಿ ಬೇರೆ. ನಿಧಾನಕ್ಕೆ ಅಗಿಯಿರಿ. ನಾಲಿಗೆಗೆ ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಕು ಹೋದ ಮೇಲೆ ಮತ್ತೆ ಎರಡು ಸಲ ಅಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚೆ ಕಾಫಿ, ಹಣ್ಣಿನ ರಸ ಬೇಡ, ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗುವುದಿಲ್ಲ.

ಕಾಫಿ, ಟೀ ಅರ್ಧಕ್ಕೆ ಇಳಿಸಿ. ಸಿಗರೇಟಿನ ಹೊಗೆ ಇರುವಾಗ ಲಿವರ್ ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತ ಮೇಲೆ ಅದೇ ಕಾಫಿಗೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಆಗಬಹುದು. ಆ ಎದೆಬಡಿತ, ನಿದ್ದೆ ಬಾರದ್ದು ಎಲ್ಲ ಸಿಗರೇಟು ಬಿಟ್ಟಿದ್ದಕ್ಕೇ ಅಂದುಕೊಳ್ಳುತ್ತೀರಿ. ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆ, ಆಸ್ತಮಾ, ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರು ಬಿಡುವ ತಾರೀಕನ್ನು ಡಾಕ್ಟರಿಗೆ ಮುಂಚೆಯೇ ಹೇಳಿ, ಪ್ರಮಾಣ ಬದಲಿಸಬೇಕಾಗಬಹುದು.

ಜಾರಿದರೆ

ಒಂದು ಸೇದಿಬಿಟ್ಟಿರಿ ಅಂದುಕೊಳ್ಳಿ. ಪ್ಯಾಕೆಟ್ ಕೊಳ್ಳಬೇಡಿ. ಗಮ್, ಪ್ಯಾಚ್ ಇದ್ದರೆ ಮುಂದುವರಿಸಿ. ಅದೇ ನೋಟ್‌ಬುಕ್ ತೆಗೆದು ಅದೇ ನಾಲ್ಕು ವಿಷಯ ಬರೆಯಿರಿ. ಯಾರ ಜೊತೆ, ಯಾವ ಹೊತ್ತು, ಏನಾಗಿತ್ತು, ಯಾರದ್ದು. ಎಲ್ಲಿ ಸರಿಮಾಡುವುದು ಬಾಕಿ ಇದೆ ಅಂತ ಗೊತ್ತಾಗುತ್ತದೆ. ನನ್ನ ಮೂರನೇ ಪ್ರಯತ್ನ ಮುಗಿದಿದ್ದು ಗಮ್ ಬಿಸಾಡಿದ ವಾರದಲ್ಲೇ, ಎರಡು ಪಾಳಿ ಒಟ್ಟಿಗೆ ಮಾಡಿದ ದಿನ. ಅದಕ್ಕೇ ನಾಲ್ಕನೇ ಸಲ ಮೊದಲ ಮೂರು ವಾರ ಓವರ್‌ಟೈಮ್ ಒಪ್ಪಿಕೊಳ್ಳಲಿಲ್ಲ. ಡಬ್ಬಿಯ ದುಡ್ಡು ಆ ನಷ್ಟದಲ್ಲಿ ಸ್ವಲ್ಪ ತುಂಬಿಕೊಟ್ಟಿತು.

ವಯಸ್ಸಾಯಿತು, ಇನ್ನೇನು ಪ್ರಯೋಜನ ಅನ್ನುವವರು ಸಿಗುತ್ತಾರೆ. ಬ್ರಿಟನ್ನಿನಲ್ಲಿ 1951ರಿಂದ ಸಾವಿರಾರು ಡಾಕ್ಟರುಗಳನ್ನು ರಿಚರ್ಡ್ ಡಾಲ್ ಮತ್ತು ಅವರ ಜೊತೆಯವರು 50 ವರ್ಷ ಗಮನಿಸಿದರು. ಸೇದುತ್ತಲೇ ಉಳಿದವರಿಗೆ ಹೋಲಿಸಿದರೆ 40ಕ್ಕೆ ಬಿಟ್ಟವರಿಗೆ ಸುಮಾರು 9 ವರ್ಷ, 50ಕ್ಕೆ ಬಿಟ್ಟವರಿಗೆ 6, 60ಕ್ಕೆ ಬಿಟ್ಟವರಿಗೂ 3 ವರ್ಷ ಆಯಸ್ಸು ಸಿಕ್ಕಿತ್ತು. ನಮ್ಮ ಬೈಂಡಿಂಗ್ ವಿಭಾಗದ ಹಿರಿಯರು 58ಕ್ಕೆ ಬಿಟ್ಟರು.

ನಮ್ಮ ಪ್ರೆಸ್ಸಿನಲ್ಲಿ ಈಗ ರಾತ್ರಿ ಎರಡೂಮುಕ್ಕಾಲಿಗೆ ಹತ್ತು ನಿಮಿಷ ಮಿಷನ್ ನಿಲ್ಲುತ್ತದೆ. ಸೇದುವವರೂ ಸೇದದವರೂ ಎಲ್ಲರೂ ಹೊರಗೆ ಬರುತ್ತಾರೆ. ನಾವು ನಾಲ್ಕು ಜನ ಗೇಟಿನವರೆಗೆ ಹೋಗಿ ಬರುತ್ತೇವೆ. ಪ್ಲೇಟಿನ ಹುಡುಗ ಈಗಲೂ ಹೆಜ್ಜೆ ಎಣಿಸುತ್ತಾನೆ. ಅವನ ಕಾಲು ಉದ್ದ, ಅವನಿಗೆ 190.